ಅಜ್ಜನ ಮನೆಯೂ, ಒಂದು ಜೆಪೆಗ್ಗೂ..

ಇಲ್ಲಿ ಬರೆಯದೇ ತುಂಬಾ ದಿನ ಆಯ್ತು. ಆಫೀಸು, ರಿಲೀಸು, ಅದರ ಮಧ್ಯೆ ಊರಲ್ಲಿ ಎರಡು ಮದುವೆ.. ಸೋಮಾರಿತನಕ್ಕೆ ಕಾರಣಗಳಿಗೇನು ಬರ! ಈ ಸಲದ್ದು ಸ್ವಲ್ಪ ಟೆಕ್ನಿಕಲ್ ವಿಷಯ, ಸ್ವಲ್ಪ ಮನೆ ವಿಷಯ. ಟೆಕ್ನಿಕಲ್ ಬೇಡ ಅನ್ನುವವರು ಮಧ್ಯದ ಎರಡು ಪ್ಯಾರಾ ಹಾರಿಸಿಕೊಂಡು ಓದಬಹುದು, ಬೇಜಾರಿಲ್ಲ.

ನನ್ನ ಅಜ್ಜ ಹುಟ್ಟಿದ ಮನೆಯನ್ನು ನಾನು ನೋಡಿಲ್ಲ. ಅಪ್ಪನೂ ನೋಡಿಲ್ಲ. ಅದು ಸಾಗರ ತಾಲ್ಲೂಕಿನ ಕರೂರು ಸೀಮೆಯಲ್ಲಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಶರಾವತಿ ಹಿನ್ನೀರಲ್ಲಿ ಹೋಯಿತು. ಮನೆ, ತೋಟ, ಗದ್ದೆ ಎಲ್ಲ ಬಿಟ್ಟು ನಮ್ಮವರು ಹೊಸನಗರದ ಕಡೆ ಬಂದರು. ಅಜ್ಜನಿಗೆ ಆಗ ಹತ್ತೊಂಬತ್ತು. ಅವನ ತಂಗಿಯನ್ನು ಮುಂದೆ ತೀರ್ಥಹಳ್ಳಿಗೆ ಕೊಟ್ಟರು. ಮನೆಯದ್ದು ಒಂದೇ ಒಂದು ಫೋಟೋ ಇಲ್ಲ. ಆ ಕಾಲದಲ್ಲಿ ಯಾರ ಹತ್ರ ಕ್ಯಾಮೆರಾ ಇತ್ತು?

2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಶುರುವಾಯ್ತಲ್ಲ, ಅದಾದ ಮೇಲೆ ಒಂದು ದಿನ ಅಜ್ಜನನ್ನು ಕಾರಲ್ಲಿ ಕೂರಿಸಿಕೊಂಡು ಆಚೆ ದಡಕ್ಕೆ ಹೋಗಿದ್ದೆ. ಮುಂಚೆ ಲಾಂಚಿಗೆ ಕಾಯುತ್ತಾ ನಿಲ್ಲುತ್ತಿದ್ದ ನೀರನ್ನು ಈಗ ಎರಡೂವರೆ ಕಿಲೋಮೀಟರಿಗೆ ಹತ್ತಿರದ ಸೇತುವೆ ಮೇಲೆ ನಾಲ್ಕೈದು ನಿಮಿಷದಲ್ಲಿ ದಾಟಿಬಿಟ್ಟೆವು. ಅಜ್ಜ ಕಿಟಕಿಯಿಂದ ನೀರು ನೋಡುತ್ತಾ, "ಇಲ್ಲೇ ಎಲ್ಲೋ ಆಚೆಗೆ" ಅಂದ. ಅಷ್ಟೇ. ಅವತ್ತೇ ನನ್ನ ತಲೆಗೆ ಹುಳ ಹೊಕ್ಕಿದ್ದು, ಆ ಮನೆಯನ್ನು ಬ್ಲೆಂಡರಿನಲ್ಲಿ ಕಟ್ಟಿಬಿಡಬೇಕು ಅಂತ.

ಬ್ಲೆಂಡರ್ ನನ್ನ ಹೊಟ್ಟೆಪಾಡಲ್ಲ, ಶನಿವಾರದ ಹುಚ್ಚು. ಫೋನಿನಲ್ಲಿ ಅಜ್ಜನನ್ನು ಕೇಳಿ ಕೇಳಿ ಬರೆದುಕೊಂಡೆ. ಜಗಲಿಗೆ ಕಂಬ ಎಷ್ಟು, ಅಂಗಳ ಯಾವ ದಿಕ್ಕು, ಕೊಟ್ಟಿಗೆ ಎಲ್ಲಿ, ಅಡುಗೆಮನೆ ಕಿಂಡಿ ಎಷ್ಟು ದೊಡ್ಡದು. ನಾಲ್ಕು ತಿಂಗಳು ಹಿಡಿಯಿತು. ಊರಿಗೆ ಹೋದಾಗ ಕೊನೆಯ ರೆಂಡರ್ ಹಾಕಿದೆ. ನನ್ನ ಹಳೇ ಲ್ಯಾಪ್‌ಟಾಪಿಗೆ ಒಂದು ಚಿತ್ರಕ್ಕೆ ಆರು ತಾಸು. ಮಧ್ಯದಲ್ಲಿ ಕರೆಂಟು ಹೋಯ್ತು, ಬ್ಯಾಟರಿಯೂ ಹೋಯ್ತು, ಮತ್ತೆ ಮೊದಲಿಂದ! ಬೆಳಿಗ್ಗೆ ಜೆಪೆಗ್ ಮಾಡಿ ಹೆಮ್ಮೆಯಿಂದ ಅಜ್ಜನ ಮುಂದೆ ಹಿಡಿದೆ.

ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿದ.

"ಚೊಲೋ ಇದ್ದು ಅಪಿ. ಆದ್ರೆ ಇದು ನಮ್ಮನೆ ಅಲ್ದೋ."

"ಎಂತಕ್ಕಾ?"

"ಬೆಳಿಗ್ಗೆ ಇಷ್ಟು ಬಿಸ್ಲು ಎಲ್ಲಿತ್ತಾ? ಎದುರಿಗೆ ಗುಡ್ಡ ಇತ್ತಲಾ. ಹನ್ನೊಂದು ಗಂಟೆ ಆಗ್ದೇ ಅಂಗಳಕ್ಕೆ ಬಿಸ್ಲೇ ಬತ್ತಿರ್ಲೆ. ಜಗಲಿ ಕಪ್ಪಿರ್ತಿತ್ತು, ಒಳಗೆ ಒಲೆ ಬೆಂಕಿ ಮಾತ್ರ ಕಾಣ್ತಿತ್ತು."

ಕಂಬ, ಕಿಂಡಿ ಎಲ್ಲ ಕೇಳಿದ್ದ ನಾನು ಬೆಳಕು ಕೇಳಿರಲೇ ಇಲ್ಲ. ಫೋಟೋ ಎಡಿಟರಿನಲ್ಲಿ ಕತ್ತಲು ಮಾಡಲು ಹೋದರೆ ಒಲೆ ಬೆಂಕಿಯೂ ಕಪ್ಪಾಯಿತು. ಬಿಸಿಲು ಬಿದ್ದ ಅಂಗಳ ಬರೀ ಬೂದು ಬಣ್ಣದ ಪಟ್ಟೆಯಾಯಿತು.

ತಪ್ಪು ಯಾವುದು ಅಂದರೆ, ನಾನು ಅಜ್ಜನ ಮುಂದಿಟ್ಟಿದ್ದು ಕಲಸಿದ ಅನ್ನ. ಬಾಳೆಲೆ ಮೇಲೆ ಅನ್ನ, ಹುಳಿ, ತಂಬುಳಿ ಬೇರೆ ಬೇರೆ ಇದ್ದರೆ ಹುಳಿ ಖಾರವಾದಾಗ ಬದಿಗೆ ಸರಿಸಬಹುದು. ಕಲಸಿದ ಮೇಲೆ ಏನು ಸರಿಸುತ್ತೀರಿ? ಜೆಪೆಗ್ ಹಾಗೆ. ಎಲ್ಲಾ ಬೆಳಕನ್ನು ಸೇರಿಸಿ, ಒಂದೊಂದು ಬಣ್ಣಕ್ಕೆ 8 ಬಿಟ್ಟಿನ 256 ಮೆಟ್ಟಿಲು ಮಾತ್ರ ಇಟ್ಟುಕೊಂಡು, ಉಳಿದದ್ದನ್ನು ಎಸೆಯುತ್ತದೆ. ಸಿನಿಮಾ ಗ್ರಾಫಿಕ್ಸ್‌ನವರಿಗೆ ಈ ಕಷ್ಟ ಎಂದೋ ಗೊತ್ತಿತ್ತು. ಇಂಡಸ್ಟ್ರಿಯಲ್ ಲೈಟ್ ಅಂಡ್ ಮ್ಯಾಜಿಕ್ ಕಂಪನಿ ತಾನು ಬಳಸುತ್ತಿದ್ದ ಓಪನ್‌ಇಎಕ್ಸ್‌ಆರ್ ಅನ್ನುವ ಕಡತ ಮಾದರಿಯನ್ನು 2003ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟಿತು. ಅದರಲ್ಲಿ ಒಂದೊಂದು ಚಾನೆಲ್ಲಿಗೆ 16 ಅಥವಾ 32 ಬಿಟ್ಟಿನ ದಶಮಾಂಶ ಸಂಖ್ಯೆ, ಜೊತೆಗೆ ಒಂದೇ ಕಡತದೊಳಗೆ ಬೇಕಾದಷ್ಟು ಪದರ. ಬ್ಲೆಂಡರಿನಲ್ಲಿ ಔಟ್‌ಪುಟ್ ಜಾಗದಲ್ಲಿ 'ಓಪನ್‌ಇಎಕ್ಸ್‌ಆರ್ ಮಲ್ಟಿಲೇಯರ್' ಅಂತ ಆರಿಸಿದರೆ ಸಾಕು. ನಾನು ಇದ್ದದ್ದನ್ನು ಮುಟ್ಟದೇ ಬಿಟ್ಟಿದ್ದೆ, ಸೋಂಬೇರಿ.

ಎರಡನೇ ಸಲ ಸರಿಯಾಗಿ ಮಾಡಿದೆ. ಸೈಕಲ್ಸ್‌ನಲ್ಲಿ ಲೈಟ್ ಗ್ರೂಪ್ ಅಂತ ಒಂದಿದೆ, 2022ರ 3.2 ಆವೃತ್ತಿಯಲ್ಲಿ ಬಂದದ್ದು. ಬಿಸಿಲಿಗೊಂದು, ಆಕಾಶದ ಬೆಳಕಿಗೊಂದು, ಒಲೆಗೊಂದು, ಲಾಟೀನಿಗೊಂದು ಗುಂಪು ಕೊಟ್ಟೆ. ಬೆಳಕಿನ ಗುಣವೇ ಕೂಡುವುದು. ನಾಲ್ಕೂ ಪದರ ಕೂಡಿದರೆ ಪೂರ್ತಿ ಚಿತ್ರ, ಒಂದನ್ನು ಅರ್ಧದಿಂದ ಗುಣಿಸಿದರೆ ಆ ದೀಪ ಮಾತ್ರ ಅರ್ಧ. ಮಂಜಿಗೆ ಮಿಸ್ಟ್ ಪದರ. ಯಾವುದು ಕಂಬ, ಯಾವುದು ಗೋಡೆ ಅಂತ ಆಮೇಲೆ ಬೇರೆ ಮಾಡಿ ಹಿಡಿಯಲು ಕ್ರಿಪ್ಟೋಮ್ಯಾಟ್. ಜಾಗ ಜಾಸ್ತಿ ಬೇಕು ಅಂತ ಹೆದರಬೇಡಿ. 1920×1080ರ ಚಿತ್ರಕ್ಕೆ 16 ಬಿಟ್ಟಿನ ಒಂದು ಬಣ್ಣದ ಪದರ ಕುಗ್ಗಿಸುವ ಮೊದಲು ಸುಮಾರು 12 ಎಂಬಿ, ಅಷ್ಟೇ. ಕುಗ್ಗಿಸಲು ಜಿಪ್ ಇಟ್ಟುಕೊಳ್ಳಿ, ಏನೂ ಕಳೆಯುವುದಿಲ್ಲ. ಒಂದು ಎಚ್ಚರಿಕೆ: ರೆಂಡರ್ ಜೊತೆ ತಾನಾಗೇ ಆಗುವ ಡಿನಾಯ್ಸ್ ಒಟ್ಟು ಚಿತ್ರಕ್ಕೆ ಮಾತ್ರ. ಬೆಳಕಿನ ಪದರಗಳಿಗೆ ಕಂಪೋಸಿಟರಿನಲ್ಲಿ ನಾವೇ ಒಂದೊಂದಕ್ಕೂ ಮಾಡಬೇಕು. ಇನ್ನೊಂದು, ಪದರ ಇದ್ದರೆ ಎಲ್ಲಾ ಆಗುತ್ತದೆ ಅಂತಲ್ಲ. ಬೆಳಕನ್ನು ಹೆಚ್ಚು ಕಡಿಮೆ ಮಾಡಬಹುದು, ನೆರಳಿನ ದಿಕ್ಕು ಬದಲಿಸಬೇಕಾದರೆ ಮತ್ತೆ ಆರು ತಾಸು!

ಮುಂದಿನ ಸಲ ಹೊಸನಗರಕ್ಕೆ ಹೋದಾಗ ಅಜ್ಜನನ್ನು ಪಕ್ಕಕ್ಕೆ ಕೂರಿಸಿಕೊಂಡೆ. ಅವನು ಹೇಳುವುದು, ನಾನು ಎಳೆಯುವುದು. "ಬಿಸ್ಲು ತೆಗಿ. ಪೂರ್ತಿ ತೆಗಿ. ಹಾಂ.. ಮಂಜು ಹಾಕು. ಅಷ್ಟಲ್ದೋ, ಕೊಟ್ಟಿಗೆ ಕಾಣವು." ಬಿಸಿಲು ಸೊನ್ನೆಗೆ ಬಂತು, ಒಲೆ ಒಂದೂವರೆಗೆ ಹೋಯ್ತು. ಇಪ್ಪತ್ತು ನಿಮಿಷದಲ್ಲಿ ನಾನು ಊಹಿಸಿಯೇ ಇರದ ಒಂದು ಮನೆ ಪರದೆ ಮೇಲೆ ಬಂದಿತ್ತು. ಅಜ್ಜ ಮಾತು ನಿಲ್ಲಿಸಿದ.

ಆ ಚಿತ್ರ ತೆಗೆದುಕೊಂಡು ತೀರ್ಥಹಳ್ಳಿಗೆ ಹೋದೆ, ಸಣ್ಣಜ್ಜಿಗೆ ತೋರಿಸಲು. ಅವಳು ನೋಡಿದ ಕೂಡಲೇ, "ಇಷ್ಟು ಕತ್ತಲೆ ಎಲ್ಲಿತ್ತಾ! ಅಣ್ಣಯ್ಯಂಗೆ ಮರೆತುಹೋಯ್ದು" ಅಂದಳು. ಅವಳಿಗೆ ನೆನಪಿದ್ದದ್ದು ಸಂಜೆ. ಲಾಟೀನು ಹಚ್ಚಿಟ್ಟು ಜಗಲಿ ತುಂಬಾ ಜನ ಅಡಿಕೆ ಸುಲಿಯುತ್ತಿದ್ದ ಸಂಜೆ. ಅದೇ ಕಡತ ತೆರೆದು ಆಕಾಶ ಕಡಿಮೆ ಮಾಡಿ ಲಾಟೀನು ಹೆಚ್ಚಿಸಿದೆ. "ಹಾಂ, ಇದು ನಮ್ಮನೆ" ಅಂದಳು. ಇಬ್ಬರಲ್ಲಿ ಯಾರದ್ದು ಸರಿ? ಆರು ವರ್ಷದ ಹುಡುಗಿಯೂ ಹತ್ತೊಂಬತ್ತರ ಹುಡುಗನೂ ಒಂದೇ ಮನೆಯಲ್ಲಿದ್ದರೂ ನೋಡಿದ್ದು ಬೇರೆ ಬೇರೆ ಹೊತ್ತನ್ನು. ನಾನು ಒಂದೇ ಚಿತ್ರ ಮಾಡಿ ಇಟ್ಟಿದ್ದರೆ ಇಬ್ಬರಲ್ಲಿ ಒಬ್ಬರು ಸುಳ್ಳಾಗುತ್ತಿದ್ದರು.

ಅಡಿಕೆ ಸುಲಿಯುವ ವಿಷಯ ಅಜ್ಜನಿಗೆ ಫೋನಿನಲ್ಲಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಡಗಡೆ ಕಂಬದ ಬುಡದಲ್ಲಿ ಅಬ್ಬೆ ಕೂರ್ತಿತ್ತು" ಅಂದ. ಅವನ ಅಮ್ಮನದ್ದೂ ಫೋಟೋ ಇಲ್ಲ. ಮನುಷ್ಯರನ್ನು ಮಾಡಲು ನನಗೆ ಬರುವುದಿಲ್ಲ, ಬಂದರೂ ಯಾವ ಮುಖ ಹಚ್ಚಲಿ? ಒಂದು ಮೆಟ್ಟುಗತ್ತಿ, ಒಂದು ಬುಟ್ಟಿ, ಅರ್ಧ ಸುಲಿದ ಅಡಿಕೆ ಮಾಡಿ, ಬೇರೆಯದೇ ವ್ಯೂ ಲೇಯರಿನಲ್ಲಿ ಕಂಬದ ಬುಡಕ್ಕಿಟ್ಟೆ. ಬೇಡ ಅಂದರೆ ಆರಿಸಿಬಿಡಬಹುದು ಅಂತ.

ಹೋದ ತಿಂಗಳು ತೋರಿಸಿದೆ. ಬೇಡ ಅನ್ನಲಿಲ್ಲ. ಬೆರಳನ್ನು ಪರದೆ ಹತ್ತಿರ ತಂದು, ಮುಟ್ಟದೇ, "ಅಬ್ಬೆ ಒಳಗೆ ಹೋಯ್ದು. ಈಗ ಬತ್ತು" ಅಂದ.

ಈಗ ಎರಡು ಪ್ರಿಂಟ್ ಹಾಕಿಸಿದ್ದೇನೆ. ಬೆಳಗಿನದ್ದು ಹೊಸನಗರದ ಗೋಡೆಗೆ, ಸಂಜೆಯದ್ದು ತೀರ್ಥಹಳ್ಳಿಗೆ. ಪ್ರಿಂಟಿಗೆ ಕೊಡುವಾಗ ಕಲಸಲೇಬೇಕು, ಬೇರೆ ದಾರಿಯಿಲ್ಲ. ಆದರೆ ಆ ಇಎಕ್ಸ್‌ಆರ್ ಕಡತವನ್ನು ಮೂರು ಕಡೆ ಕಾಪಿ ಮಾಡಿಟ್ಟಿದ್ದೇನೆ. ದೊಡ್ಡಪ್ಪನ ಮನೆಯಲ್ಲಿ ಇನ್ನೊಬ್ಬ ಅಜ್ಜ ಇದ್ದಾನೆ, ಅವನನ್ನು ಇನ್ನೂ ಕೇಳಿಲ್ಲ.

ನಿಮ್ಮಲ್ಲಿ ಯಾರ ಮನೆಯಾದರೂ ಹಿನ್ನೀರಿನಲ್ಲಿ ಹೋಗಿದ್ದರೆ, ಕಂಬ ಎಷ್ಟು ಅಂತ ಕೇಳುವ ಮೊದಲು ಬಿಸಿಲು ಎಷ್ಟು ಹೊತ್ತಿಗೆ ಬರುತ್ತಿತ್ತು ಅಂತ ಕೇಳಿ. ನನ್ನ ಆರು ತಾಸು ನಿಮಗಾದರೂ ಉಳಿಯಲಿ.