ಕಿರುಗಾವಲಿನ ಹಾಲಿನ ಬಟವಾಡೆ

ಮೈಸೂರಿನಿಂದ ಬನ್ನೂರಿನ ಮಾರ್ಗವಾಗಿ ಮಳವಳ್ಳಿಗೆ ಹೋಗುವವರಿಗೆ ನಡುವೆ ಕಿರುಗಾವಲು ಎದುರಾಗುವುದು. ಭತ್ತ, ಕಬ್ಬು, ಹಿಪ್ಪುನೇರಳೆಗಳ ಹಸುರು ಈ ಸೀಮೆಯ ಸಿರಿ. ಸಮೀಪದ ಬಂಡೂರಿನ ಕುರಿಗಳ ಕೀರ್ತಿಯನ್ನು ವಾಚಕರು ಕೇಳಿಯೇ ಇರುವರು. ಆದರೆ ಈ ಸಲ ನಮ್ಮನ್ನು ಅಲ್ಲಿ ತಡೆದು ನಿಲ್ಲಿಸಿದುದು, ಬೆಳಗಿನ ಜಾವದಲ್ಲಿ ಡೇರಿಯ ಮುಂದೆ ಕ್ಯಾನು ಹಿಡಿದು ನಿಂತಿದ್ದ ಹೆಂಗಸರ ಸಾಲು.

ಹಾಲನ್ನು ಅಳೆದು, ಜಿಡ್ಡನ್ನು ಪರೀಕ್ಷಿಸಿ, ಲೆಕ್ಕ ಬರೆದುಕೊಳ್ಳುತ್ತಿದ್ದರು. ಸಾಲಿನಲ್ಲಿದ್ದ ವೃದ್ಧೆಯೊಬ್ಬರನ್ನು, “ಎರಡು ಹಸುಗಳಿಂದ ಏನು ಗಿಟ್ಟುವುದಮ್ಮ?” ಎಂದು ಕೇಳಿದೆವು.

“ಗದ್ದೆ ದುಡ್ಡು ಬಂದಂಗೆ ಸಾಲಕ್ಕೆ ಹೋಯ್ತದೆ ಸ್ವಾಮಿ. ಮನೆ ನಡೆಯೋದು ಹಾಲಿನ ಬಟವಾಡೇಲೇ” ಎಂದರು.

ಹಸುವಿಲ್ಲದ ಹಾಲಿನ ಸುದ್ದಿ ಆಗ ನಮ್ಮ ನೆನಪಿಗೆ ಬಂದಿತು. ಯೂರಿಯಾ, ಸಾಬೂನು ಬೆರೆಸುವ ವಂಚಕರ ಮಾತಲ್ಲವಿದು. ಹಸುವಿನ ಜೀನನ್ನು ಸೂಕ್ಷ್ಮಜೀವಿಗಳಲ್ಲಿ ಸೇರಿಸಿ, ಅವಕ್ಕೆ ಸಕ್ಕರೆಯುಣಿಸಿ, ತೊಟ್ಟಿಗಳಲ್ಲಿ ಹಾಲಿನ ಪ್ರೋಟೀನನ್ನೇ ಪಡೆಯುವ ವಿದ್ಯೆ. ಇಂತಹ ಪ್ರೋಟೀನಿನ ಐಸ್‌ಕ್ರೀಂ 2019ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದಿತು.

ನ್ಯೂಜಿಲೆಂಡು ತನ್ನ ಹಾಲಿನ ಬಹುಪಾಲನ್ನು ಪುಡಿ, ಬೆಣ್ಣೆ, ಗಿಣ್ಣುಗಳಾಗಿ ಹೊರನಾಡುಗಳಿಗೆ ಮಾರುವ ದೇಶ. ಬಿಸ್ಕತ್ತು, ಮಿಠಾಯಿಗಳ ಕಾರ್ಖಾನೆಯವನಿಗೆ ಪುಡಿಯ ಹಿಂದೆ ಹಸುವಿದೆಯೇ ಎಂಬುದಕ್ಕಿಂತ ಬೆಲೆಯೇ ಮುಖ್ಯ. ತೊಟ್ಟಿಯ ಪ್ರೋಟೀನು ಅಗ್ಗವಾದ ದಿನ ಮೊದಲು ಕೈಬಿಡುವವನು ಅವನೇ. ಆಗ ಅಲ್ಲಿಯ ರೈತನ ಸಾಲ, ಭೂಮಿಯ ಬೆಲೆ, ದೇಶದ ವರಮಾನ ಎಲ್ಲವೂ ಅಲುಗಾಡುವುವು.

ನಮ್ಮ ದೇಶದ ಹಾಲು ಬಹುಮಟ್ಟಿಗೆ ನಮ್ಮ ಮನೆಗಳಲ್ಲೇ ಖರ್ಚಾಗುವುದು; ನಮಗೇಕೆ ಭಯವೆಂದು ಕೇಳಬಹುದು. ಆದರೆ ಜಿಲ್ಲೆಯ ಹಾಲು ಸೇರುವ ಗೆಜ್ಜಲಗೆರೆಯ ಒಕ್ಕೂಟದಂತಹ ಕಡೆಗಳಲ್ಲಿ ಮಾರಿ ಮಿಕ್ಕ ಹಾಲು ಪುಡಿಯಾಗಲೇಬೇಕು. ಪುಡಿಯ ಬೆಲೆ ಕುಸಿದರೆ ಒಕ್ಕೂಟಕ್ಕೆ ನಷ್ಟ; ಆ ನಷ್ಟ ಕೊನೆಗೆ ಇಳಿಯುವುದು ಕಿರುಗಾವಲಿನ ಬಟವಾಡೆಗೆ.

ಈ ಸೀಮೆಗೆ ಇಂತಹ ಪೆಟ್ಟು ಹೊಸದಲ್ಲ. 1930ರ ದಶಕದಲ್ಲಿ ಹೊರಗಿನ ಅಗ್ಗದ ರೇಷ್ಮೆಯೂ ಕೃತಕ ರೇಷ್ಮೆಯೂ ಮೈಸೂರು ಸಂಸ್ಥಾನದ ರೇಷ್ಮೆ ಬೆಳೆಗಾರರನ್ನು ಕಂಗೆಡಿಸಿದುವು. 1934ರಲ್ಲಿ ಆಮದಿನ ಮೇಲೆ ರಕ್ಷಣಾ ಸುಂಕ ಬಂದಿತು. ಆದರೂ ಸುಂಕವೊಂದೇ ಕಾಯಲಿಲ್ಲ. 1912ರಲ್ಲಿ ಮೈಸೂರಿನಲ್ಲಿ ಆರಂಭವಾದ ನೇಯ್ಗೆ ಕಾರ್ಖಾನೆಯ ಸೀರೆಯನ್ನು ಹೆಸರು ಹಿಡಿದು ಕೇಳುವ ಗೃಹಿಣಿಯರಿದ್ದರು. ನೂಲಾಗಿ ಮಾರಿದ್ದಕ್ಕೆ ಪೇಟೆಯ ಬೆಲೆ. ಸೀರೆಯಾಗಿ ಮಾರಿದ್ದಕ್ಕೆ ಹೆಸರಿನ ಬೆಲೆ. ಹಾಲೂ ಪುಡಿಯಾಗುವ ಬದಲು ಮೊಸರು, ತುಪ್ಪ, ಪೇಡಗಳಾಗಿ ಮನೆ ಸೇರಿದಷ್ಟೂ ರೈತನಿಗೆ ನೆಲೆಯುಂಟು.

ಹಸುವಿಲ್ಲದೆ ಹಾಲು ಮಾಡುವರಂತೆ ಎಂದು ಆ ವೃದ್ಧೆಗೆ ತಿಳಿಸಿದೆವು. ಅವರು ನಕ್ಕು, “ಮಾಡ್ಲಿ ಬುಡಿ ಸ್ವಾಮಿ. ಗದ್ದೆಗೆ ಗೊಬ್ಬರ ಎಲ್ಲಿಂದ ತಂದಾರು?” ಎಂದು ಕೇಳಿ, ಬರಿದಾದ ಕ್ಯಾನನ್ನು ಎತ್ತಿಕೊಂಡು ಮನೆಯ ಕಡೆಗೆ ನಡೆದರು.

ಆ ಪ್ರಶ್ನೆಗೆ ನಮ್ಮಲ್ಲಿ ಉತ್ತರವಿರಲಿಲ್ಲ.