ಹಾಲು ಬಲ್ಲ ಮಗುವಿಗೆ ಪಾಲ್ ದೂರವಲ್ಲ

ನೀಲಗಿರಿಯ ಕನ್ನಡ ತಂದೆತಾಯಿಗಳೇ, ತಮಿಳು ಕಲಿಯುವ ಮಗುವಿಗೆ ಗೊಂದಲವಾದೀತೆಂದು ಮನೆಯ ಕನ್ನಡವನ್ನು ಕೈಬಿಡದಿರಿ ಎಂಬುದು ನನ್ನ ಬಿನ್ನಹ.

1978ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸೂಸನ್ ಕೇರಿ ಮತ್ತು ಎಲ್ಸಾ ಬಾರ್ಟ್‌ಲೆಟ್ ಪುಟ್ಟ ಮಕ್ಕಳಿಗೆ ಎರಡು ತಟ್ಟೆಗಳನ್ನು ತೋರಿಸಿ, ಪರಿಚಿತ ಬಣ್ಣದ್ದು ಬೇಡ, ‘ಕ್ರೋಮಿಯಂ’ ಬಣ್ಣದ್ದು ಬೇಕೆಂದರು. ಆ ಪದವನ್ನು ಬಣ್ಣದ ಹೆಸರಾಗಿ ಎಂದೂ ಕೇಳಿರದ ಮಕ್ಕಳು ಸರಿಯಾದುದನ್ನೇ ಆರಿಸಿದರು. ತಿಳಿದ ಪದವೇ ತಿಳಿಯದ ಪದಕ್ಕೆ ದಾರಿ ತೋರಿತು.

ಮಸಿನಗುಡಿಯ ಮಗುವಿಗೂ ಹಾಲು ಗೊತ್ತಿದ್ದರೆ ಪಾಲ್, ಹಲ್ಲು ಗೊತ್ತಿದ್ದರೆ ಪಲ್, ಹುಲಿ ಗೊತ್ತಿದ್ದರೆ ಪುಲಿ ಹತ್ತಿರವಾಗುತ್ತವೆ.

2006ರ ಕಾಯಿದೆಯಂತೆ ಶಾಲೆ ತಮಿಳನ್ನು ಕಲಿಸಿಯೇ ಕಲಿಸುತ್ತದೆ. ಮಕ್ಕಳು ಅದನ್ನು ಚೆನ್ನಾಗಿಯೇ ಕಲಿಯಲಿ. ಹಾಲನ್ನು ಹಾಲೆಂದು ಕಲಿಸುವ ಮೊದಲ ಶಾಲೆ ಮಾತ್ರ ನಿಮ್ಮ ಅಡುಗೆಮನೆ, ಅದನ್ನು ಮುಚ್ಚಬೇಡಿ.