ಕಸೂತಿಯ ಹಿಂಬದಿ

ವಿದ್ಯೆಯನ್ನು ಮಾರಬಹುದೆ ಎಂಬ ಪ್ರಶ್ನೆಯನ್ನು ನಮ್ಮವರು ಎಲ್ಲ ವಿದ್ಯೆಗಳಿಗೂ ಹಾಕುವುದಿಲ್ಲ. ಸಂಗೀತದ ಮಾಸ್ತರರಿಗೂ ಗಣಿತದ ಮಾಸ್ತರರಿಗೂ ತಿಂಗಳಿಗೊಮ್ಮೆ ಹಣವನ್ನು ಎಣಿಸಿ ಕೊಡುವಾಗ ಅದು ಯಾರಿಗೂ ಹೊಳೆಯದು. ಮನೆಯ ಹೆಣ್ಣುಮಕ್ಕಳು ಬಲ್ಲ ವಿದ್ಯೆಗೆ ಬೆಲೆ ಕಟ್ಟಹೊರಟಾಗ ಮಾತ್ರ ಅದು ಎದ್ದು ನಿಲ್ಲುತ್ತದೆ. ಧಾರವಾಡದಲ್ಲಿರುವ ನನ್ನ ಅಕ್ಕನ ಕಸೂತಿಯ ಪಾಠಗಳನ್ನು ವೀಡಿಯೊ ತೆಗೆದು ಅಂತರ್ಜಾಲದ ಮೂಲಕ ಮಾರೋಣವೆಂದಾಗ ಮೊದಲು ಅಡ್ಡಿ ಹೇಳಿದವಳು ಸ್ವತಃ ಅವಳೇ. “ನಾ ಯಾರಿಗೂ ರೊಕ್ಕಾ ಕೊಟ್ಟು ಕಲತಿಲ್ಲಪಾ. ಅತ್ತಿಯವರು ಹೇಳಿಕೊಟ್ಟರು, ಕಲತೆ” ಎಂದಳು.

ಮಾತು ನಿಜ. ಆದರೆ ಆಗ ಕಲಿಸುವ ಅತ್ತೆಯೂ ಕಲಿಯುವ ಸೊಸೆಯೂ ಒಂದೇ ಪಡಸಾಲೆಯಲ್ಲಿ ಕುಳಿತಿರುತ್ತಿದ್ದರು. ಈಗ ಅಕ್ಕನ ಸೊಸೆ ಪುಣೆಯಲ್ಲಿ ನೌಕರಿಯಲ್ಲಿದ್ದಾಳೆ. ಅಕ್ಕನಿಗಾದರೋ ಅರುವತ್ತು ದಾಟಿತು. ಕಸೂತಿಗೆ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವ ಪದ್ಧತಿಯಿಲ್ಲ. ನೆಯ್ಗೆಯ ಎಳೆಗಳನ್ನು ಕಣ್ಣಿನಿಂದ ಎಣಿಸುತ್ತ ಗೋಪುರ, ತೇರು, ತುಳಸಿಯ ಕಟ್ಟೆ, ಅಂಬಾರಿಯ ಆನೆ ಇವುಗಳನ್ನು ಎಬ್ಬಿಸಬೇಕು. ಇಳಕಲ್ ಸೀರೆಯ ಎಳೆಗಳನ್ನು ಎಣಿಸುವಷ್ಟು ದೃಷ್ಟಿ ಅವಳಿಗೆ ಈಗ ಉಳಿದಿಲ್ಲ. ಸೀರೆಯೊಂದಕ್ಕೆ ವಾರಗಟ್ಟಲೆ ಕುಳಿತು ಸಂಪಾದಿಸುತ್ತಿದ್ದ ಹಣ ನಿಂತುಹೋದದ್ದಕ್ಕಿಂತ, ಕೈಯಲ್ಲಿದ್ದುದು ಕೈಯಲ್ಲಿಯೇ ಮುಗಿದುಹೋಗುವುದೆಂಬ ಚಿಂತೆ ಅವಳಿಗೆ ಹೆಚ್ಚಾಗಿತ್ತು. ಕೊನೆಗೆ ಒಪ್ಪಿದಳು.

ಯೂಟ್ಯೂಬಿನಲ್ಲಿ ಪುಕ್ಕಟೆಯಾಗಿ ಸಿಕ್ಕುವುದನ್ನು ಹಣ ಕೊಟ್ಟು ಕೊಳ್ಳುವವರಾರು ಎಂದು ಕೇಳಿದವರುಂಟು. ಸಿಕ್ಕುವುದು ನಿಜವೇ. ಆದರೆ ಅಲ್ಲಿ ಇಂದು ಒಂದು ಹೂವು, ನಾಳೆ ಒಂದು ನವಿಲು. ಯಾವುದರ ಅನಂತರ ಯಾವುದೆಂಬ ಕ್ರಮವಿರುವುದು ಅಪರೂಪ, ತಪ್ಪಿದಲ್ಲಿ ಕೇಳಲು ಜನವಿಲ್ಲ. ಕೊಳ್ಳುವವರು ಕೊಳ್ಳುವುದು ಈ ಎರಡನ್ನೇ ಎಂದು ನಾವು ಮೊದಲೇ ನಿಶ್ಚಯಿಸಿಕೊಂಡೆವು. ಚಿತ್ರ ತೆಗೆಯುವುದಕ್ಕೆ ಮುಂಚೆ ಓಣಿಯ ನಾಲ್ವರಿಗೆ ಅಕ್ಕ ಹದಿನೈದು ದಿನ ಪಾಠ ಹೇಳಿದಳು. ಅವರು ಎಲ್ಲೆಲ್ಲಿ ಕೈ ತಡೆದು ಕುಳಿತರೋ ಅದನ್ನೆಲ್ಲ ನಾನು ಬರೆದುಕೊಂಡೆ. ಆ ಪಟ್ಟಿಯೇ ನಮ್ಮ ಪಾಠಮಾಲೆಯ ಅನುಕ್ರಮಣಿಕೆಯಾಯಿತು.

ಚಿತ್ರೀಕರಣಕ್ಕೆ ದೊಡ್ಡ ಸಲಕರಣೆಗಳು ಬೇಕಿಲ್ಲ; ಫೋನು, ಅದನ್ನು ಹಿಡಿಯುವ ಕಂಬ, ಸೆರಗಿಗೆ ಸಿಕ್ಕಿಸುವ ಚಿಕ್ಕ ಮೈಕು ಇದ್ದರೆ ಸಾಕು. ಚಿತ್ರ ಸ್ವಲ್ಪ ಮಂಕಾದರೂ ಜನ ಸಹಿಸುತ್ತಾರೆ, ಮಾತು ಕೇಳಿಸದಿದ್ದರೆ ಎದ್ದು ಹೋಗುತ್ತಾರೆ. ಆದುದರಿಂದ ಪಂಖೆಯನ್ನು ನಿಲ್ಲಿಸಿ, ಕುಕ್ಕರಿನ ಸೀಟಿ ಮುಗಿದ ಮೇಲೆ ಕೆಲಸಕ್ಕೆ ಕೂಡುತ್ತಿದ್ದೆವು. ಫೋನನ್ನು ಕಲಿಸುವವಳ ಎದುರಿಗೆ ನಿಲ್ಲಿಸಿದರೆ ಅವಳ ಬಲಗೈ ನೋಡುವವಳ ಎಡಮಗ್ಗುಲಿಗೆ ಬಂದು, ಎಣಿಕೆಯೆಲ್ಲ ಗಲಿಬಿಲಿಯಾಗುತ್ತದೆ. ಅವಳ ಹೆಗಲ ಮೇಲಿನಿಂದ ಕೆಳಕ್ಕೆ ನೋಡುವಂತೆ ಅದನ್ನು ಕಟ್ಟಿದರೆ, ಕಾಣುವ ಕೈಗಳು ತನ್ನವೇ ಎಂದು ಕಲಿಯುವವಳಿಗೆ ತೋರುತ್ತದೆ. ಬೆಳಕು ಎಡಗಡೆಯ ಕಿಟಕಿಯಿಂದ ಬರಬೇಕು. ಇಲ್ಲವಾದರೆ ಬಲಗೈಯ ನೆರಳು ಸೂಜಿಯ ಮೇಲೆಯೇ ಬೀಳುತ್ತದೆ. ಎಳೆಗಳು ದಪ್ಪವಾಗಿ ಕಾಣುವ ಬಿಳಿಯ ಮ್ಯಾಟಿ ಬಟ್ಟೆ, ಕೆಂಪು ದಾರ. ಒಂದೊಂದು ಪಾಠಕ್ಕೂ ಎಂಟು ನಿಮಿಷದ ಮಿತಿ; ಒಟ್ಟು ಹದಿನಾಲ್ಕು ಪಾಠಗಳು.

ಒಂದು ವಿಷಯದಲ್ಲಿ ಮಾತ್ರ ಅಕ್ಕ ಯಾರ ಮಾತನ್ನೂ ಕೇಳಲಿಲ್ಲ. ಕಸೂತಿಯಲ್ಲಿ ಗವಂತಿ, ಮುರ್ಗಿ, ನೇಗಿ, ಮೆಂತ್ಯೆ ಎಂದು ನಾಲ್ಕು ಬಗೆಯ ಹೊಲಿಗೆಗಳು. ಗವಂತಿಯಲ್ಲಿ ಸೂಜಿ ಒಂದು ಹೆಜ್ಜೆ ಹೊಲಿದು ಒಂದು ಹೆಜ್ಜೆ ಬಿಟ್ಟು ಮುಂದಕ್ಕೆ ಹೋಗಿ, ಬಿಟ್ಟ ಹೆಜ್ಜೆಗಳನ್ನು ತುಂಬುತ್ತ ಅದೇ ದಾರಿಯಲ್ಲಿ ಹಿಂದಿರುಗುತ್ತದೆ. ಮುರ್ಗಿಯೂ ಹಾಗೆಯೇ, ಆದರೆ ಮೆಟ್ಟಿಲುಮೆಟ್ಟಿಲಾಗಿ. ಸರಿಯಾಗಿ ಮಾಡಿದರೆ ಈ ಎರಡರಲ್ಲಿಯೂ ಬಟ್ಟೆಯ ಮುಂಬದಿಗೂ ಹಿಂಬದಿಗೂ ಭೇದವಿಲ್ಲ, ಗಂಟು ಕಾಣಕೂಡದು. ಹಿಂದಿರುಗುವ ದಾರಿ ನೋಡುವವರಿಗೆ ಬೇಸರವೆಂದು ಅದನ್ನು ವೇಗವಾಗಿ ಓಡಿಸಿ ತೋರಿಸುವುದು ಇಂಥ ವೀಡಿಯೊಗಳಲ್ಲಿ ರೂಢಿ. “ಹೋಗೂದು ಎಲ್ಲಾರಿಗೂ ಬರತದ. ತಪ್ಪೂದು ತಿರುಗಿ ಬರೂ ಮುಂದ ನೋಡು” ಎಂದು ಅಕ್ಕ ಹಟ ಹಿಡಿದಳು. ಹೀಗೆ ನಾಲ್ಕನೆಯ ಪಾಠವಿಡೀ ಬಟ್ಟೆಯ ಹಿಂಬದಿಯೇ ತುಂಬಿದೆ. ಕೊಂಡವರು ಮತ್ತೆ ಮತ್ತೆ ನೋಡುತ್ತಿರುವುದೂ ಆ ಪಾಠವನ್ನೇ.

ಇನ್ನು ಮಾರಾಟ. ೨೦೧೦ರಲ್ಲಿ ಅಮೆರಿಕದಲ್ಲಿ ಪ್ರಾರಂಭವಾದ ಉಡೆಮಿಯೆಂಬುದು ಇಂಥ ಪಾಠಗಳ ದೊಡ್ಡ ಸಂತೆ. ಅಲ್ಲಿ ಪಾಠಮಾಲೆಗೆ ಕನಿಷ್ಠ ೫ ಪಾಠಗಳೂ ೩೦ ನಿಮಿಷದ ವೀಡಿಯೊವೂ ಇರತಕ್ಕದ್ದು. ಬಿಡಿ ಮಾರಾಟದಲ್ಲಿ, ಶಿಕ್ಷಕನು ತಾನೇ ಕರೆತಂದ ಗಿರಾಕಿಯ ಹಣದಲ್ಲಿ, ತೆರಿಗೆ ಮೊದಲಾದುವು ಕಳೆದ ಮೇಲೆ, ಶೇಕಡಾ ೯೭ ಶಿಕ್ಷಕನಿಗೆ. ಸಂತೆಯೇ ಹುಡುಕಿ ತಂದ ಗಿರಾಕಿಯಾದರೆ ಶೇಕಡಾ ೩೭. ಇದನ್ನು ನಾನು ಅನ್ಯಾಯವೆನ್ನಲಾರೆ. ಪಾಠ ಹೇಳುವುದಕ್ಕಿಂತ ಗಿರಾಕಿಯನ್ನು ಹುಡುಕುವುದು ಕಷ್ಟವೆಂಬುದನ್ನು ನಾವು ಬೇಗನೆ ಅರಿತೆವು. ಆದರೂ ನಮ್ಮದು ಕನ್ನಡದ ಪಾಠ, ಗಿರಾಕಿಗಳು ಬಹುಮಟ್ಟಿಗೆ ಗುರುತಿನವರ ಗುರುತಿನವರು. ಆದ್ದರಿಂದ ಹಣವನ್ನು ಯುಪಿಐಯಲ್ಲಿ ಪಡೆದು, ಪಾಠದ ಕೊಂಡಿಯನ್ನು ನಾವೇ ಕಳಿಸುವ ಏರ್ಪಾಡು ಮಾಡಿಕೊಂಡೆವು. ಬೆಲೆ ೬೦೦ ರೂಪಾಯಿ. ಅದೂ ಅಕ್ಕನಿಗೆ ಹೆಚ್ಚೆಂದು ತೋರಿತ್ತು. ಮೊದಲ ತಿಂಗಳಲ್ಲಿ ಇಪ್ಪತ್ತಮೂರು ಮಂದಿ ಕೊಂಡರು. ಅವರಲ್ಲೊಬ್ಬಾಕೆ ಎಡಚಿ, ಅವಳಿಗಾಗಿ ಇಡೀ ಮಾಲೆಯನ್ನು ಕನ್ನಡಿಯಲ್ಲಿ ಕಂಡಂತೆ ತಿರುವಿ ಕಳಿಸಿದೆನು. ಕೊಂಡಿಯನ್ನು ಇತರರಿಗೆ ಹಂಚಿದವರೂ ಉಂಟು. ತಡೆಯುವುದು ಹೇಗೆಂದು ನಾನು ಚಡಪಡಿಸಿದಾಗ ಅಕ್ಕ “ಕಲೀಲಿ ಬಿಡು” ಎಂದಳು.

ಹಾಗೆನ್ನಲು ಅವಳಿಗೆ ಕಾರಣವಿತ್ತು. ಹಣ ಕೊಟ್ಟವರು ತಮ್ಮ ಬಟ್ಟೆಯ ಹಿಂಬದಿಯ ಚಿತ್ರವನ್ನು ಕಳಿಸಬಹುದು, ಅಕ್ಕ ಅದನ್ನು ನೋಡಿ ತಪ್ಪು ಹೇಳಬೇಕು ಎಂಬುದು ನಮ್ಮ ಕರಾರು. ಕೊಂಡಿಯನ್ನು ಕದ್ದವರಿಗೆ ಇದು ದೊರೆಯದು. ಬಟ್ಟೆಯ ಮೇಲೆ ಕಾಣದ ಎಳೆಗಳು ಫೋನಿನ ಗಾಜಿನ ಮೇಲೆ ಎರಡು ಬೆರಳುಗಳಿಂದ ಹಿಗ್ಗಿಸಿದರೆ ಹಗ್ಗದಷ್ಟು ದಪ್ಪವಾಗಿ ಅವಳಿಗೆ ಕಾಣುತ್ತವೆ. ಮಧ್ಯಾಹ್ನದ ಊಟವಾದ ಮೇಲೆ ಕುಳಿತು, “ಏಳನೇ ಮೆಟ್ಟಲಿನಾಗ ಮೂರರ ಬದಲಿ ನಾಕು ಎಳಿ ತಗೊಂಡೀರಿ ನೋಡ್ರಿ” ಎಂದು ಧ್ವನಿ ಮುದ್ರಿಸಿ ಕಳಿಸುತ್ತಾಳೆ. ಬಿಚ್ಚಿ ಮತ್ತೆ ಹೊಲಿದವರ ಚಿತ್ರ ಸಂಜೆಯೊಳಗೆ ಬಂದರೆ ಅವಳಿಗೆ ಆ ದಿನ ಚಹಾ ರುಚಿಯಾಗಿರುತ್ತದೆ.

ತೇರಿನ ಪಾಠಮಾಲೆಯನ್ನು ದಸರೆಯ ಅನಂತರ ತೆಗೆಯುವುದೆಂದು ಗೊತ್ತಾಗಿದೆ. ಅದರ ಬೆಲೆ ೯೦೦ ರೂಪಾಯಿ. ಈ ಸಲ ಬೆಲೆ ಹೇಳಿದವಳು ಅಕ್ಕನೇ.